ನಾಯಿಮರಿಗೆ ಹೊರಗೆ ಹೋಗುವ ರೂಢಿ ಮಾಡಿಸುವುದು ಹೇಗೆ?

ಬೆಳಗಾವಿಯಿಂದ ಬರಲಿ, ಬಾಗಲಕೋಟೆಯಿಂದ ಬರಲಿ, ಪ್ರಶ್ನೆ ಒಂದೇ ಇರುತ್ತದೆ. "ಅರ್ಧ ತಾಸು ಅಂಗಳದಾಗ ಅಡ್ಡಾಡಸ್ತೀವ್ರಿ, ಏನೂ ಮಾಡೂದಿಲ್ಲ. ಒಳಗ ಬಂದ ಕೂಡ್ಲೇ ಪಡಸಾಲ್ಯಾಗ ಉಚ್ಚಿ ಹೊಯ್ತೈತಿ. ಹಟ ಭಾಳ ಐತ್ರಿ."

ಹಟ ಅಲ್ಲ. ಎರಡು ತಿಂಗಳ ಮರಿಗೆ ನಿಮ್ಮ ಮೇಲೆ ಸೇಡು ತೀರಿಸಿಕೊಳ್ಳುವ ಬುದ್ಧಿ ಇರುವುದಿಲ್ಲ. ಮನೆ ಯಾವುದು, ಅಂಗಳ ಯಾವುದು ಅನ್ನುವ ಲೆಕ್ಕವೂ ಅದಕ್ಕಿಲ್ಲ. ಅದರ ಲೆಕ್ಕ ಬೇರೆ: ಕಾಲಿಗೆ ಏನು ತಾಗುತ್ತಿದೆ? ಹುಟ್ಟಿ ಸುಮಾರು ಎರಡು ತಿಂಗಳ ಆಸುಪಾಸಿನಲ್ಲಿ ಯಾವ ನೆಲದ ಮೇಲೆ ಮಾಡಿ ರೂಢಿಯಾಗುತ್ತದೋ, ಮುಂದೆಯೂ ಅಂಥ ನೆಲವನ್ನೇ ಹುಡುಕುತ್ತದೆ. ಹೊಲದ ಮನೆಯ ಮರಿ ಮಣ್ಣು ಹುಡುಕುತ್ತದೆ. ಸಿಮೆಂಟ್ ಗೂಡಿನಲ್ಲಿ ಬೆಳೆದ ಮರಿಗೆ ನಿಮ್ಮ ಟೈಲ್ಸ್ ಹೇಳಿ ಮಾಡಿಸಿದ ಜಾಗ. ಗೋಣಿಚೀಲದ ಮೇಲೆ ಬೆಳೆದದ್ದು ಕಾಲೊರಸು, ಕೌದಿ ಕಂಡರೆ ಬಿಡುವುದಿಲ್ಲ. ಹಳ್ಳಿ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಸೆಗಣಿ ಸಾರಿಸಿದ ಪಡಸಾಲೆಗೂ ಸೆಗಣಿ ಸಾರಿಸಿದ ಅಂಗಳಕ್ಕೂ ಮರಿಯ ಕಾಲಿಗೆ ಏನೂ ಫರಕು ಗೊತ್ತಾಗುವುದಿಲ್ಲ.

ಹಾಗಾಗಿ ಮರಿ ತರುವಾಗ ಕಿವಿ, ಬಾಲ, ಬಣ್ಣ ನೋಡಿದ್ದು ಸಾಕು. ಕೊಡುವವರನ್ನು ಒಂದು ಮಾತು ಕೇಳಿ: ಇದು ಇಷ್ಟು ದಿನ ಎಲ್ಲಿ ಮಾಡುತ್ತಿತ್ತು? ನಿಮ್ಮ ಕೆಲಸ ಎಷ್ಟು ಸಲೀಸು, ಎಷ್ಟು ಕಷ್ಟ ಅನ್ನುವುದು ಆ ಉತ್ತರದಲ್ಲೇ ಇದೆ. ಎಂಟು ವಾರ ತುಂಬದ ಮರಿಯನ್ನು ಮಾತ್ರ ತಾಯಿಯಿಂದ ಬಿಡಿಸಿ ತರಬೇಡಿ.

ಮೊದಲೇ ತಿಳಿದಿರಬೇಕಾದ ಲೆಕ್ಕ

ಮರಿ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ? ವಯಸ್ಸಿನ ತಿಂಗಳಿಗೆ ಒಂದು ಕೂಡಿಸಿ. ಅಷ್ಟು ತಾಸು ಅಂತ ಅಂದಾಜು ಇಟ್ಟುಕೊಳ್ಳಿ. 2 ತಿಂಗಳ ಮರಿಗೆ 3 ತಾಸು, 3 ತಿಂಗಳದ್ದಕ್ಕೆ 4 ತಾಸು. ಇದು ಸುಮ್ನೆ ಮಲಗಿದ್ದಾಗಿನ ಗರಿಷ್ಠ ಲೆಕ್ಕ. ಎದ್ದು ಕುಣಿಯುತ್ತಿರುವ ಮರಿಗೆ ಅರ್ಧ ತಾಸು ತಡೆಯುವುದೂ ಕಷ್ಟ. ಪೂರ್ತಿ ಭರವಸೆ ಇಡಬೇಕೆಂದರೆ ಸಾಮಾನ್ಯವಾಗಿ 6 ತಿಂಗಳಾದರೂ ಬೇಕು. ಪೊಮೇರಿಯನ್‌ನಂಥ ಸಣ್ಣ ತಳಿಗಳಿಗೆ ಇನ್ನೂ ಜಾಸ್ತಿ ಹಿಡಿಯಬಹುದು. ಒಂದು ವಾರದಲ್ಲಿ ಕಲಿಸುತ್ತೇವೆ ಅನ್ನುವ ವಿಡಿಯೋಗಳನ್ನು ನಂಬಬೇಡಿ.

ಏನೇನು ಬೇಕು

ಒಂದು ಹಗುರವಾದ ಕೊರಳಪಟ್ಟಿ, ನಾಲ್ಕೈದು ಅಡಿಯ ಹಗ್ಗ ಅಥವಾ ಲೀಷ್. ಬಾಗಿಲ ಹತ್ತಿರ ಮೊಳೆಗೆ ತೂಗುಹಾಕಿದ ಒಂದು ಡಬ್ಬಿ, ಅದರಲ್ಲಿ ತಿನಿಸು. ಬೇಯಿಸಿದ ಚಿಕನ್, ಬೇಯಿಸಿದ ಮೊಟ್ಟೆ, ಇಲ್ಲವೇ ಬೇಯಿಸಿದ ಗಜ್ಜರಿ. ಶೇಂಗಾ ಕಾಳಿನಷ್ಟು ಚೂರು ಸಾಕು, ಉಪ್ಪು ಖಾರ ಇಲ್ಲದೆ. ಆವತ್ತಿನದನ್ನು ಆವತ್ತೇ ಖಾಲಿ ಮಾಡಿ.

ವಿಜಯಪುರ, ತಿಕೋಟಾ ಕಡೆಯವರಿಗೆ ಒಂದು ಎಚ್ಚರಿಕೆ. ನಿಮ್ಮ ಮನೆಯಲ್ಲಿ ದ್ರಾಕ್ಷಿ, ಒಣದ್ರಾಕ್ಷಿಗೆ ಬರವಿಲ್ಲ, ಕೈಗೆ ಸಿಕ್ಕಿತು ಅಂತ ಅದನ್ನು ಕೊಡಬೇಡಿ. ನಾಯಿಗಳಿಗೆ ಅದು ವಿಷ, ಮೂತ್ರಪಿಂಡ ಕೆಡಿಸುತ್ತದೆ. ಸ್ವಲ್ಪವೇ ತಿಂದರೂ ಡಾಕ್ಟರಿಗೆ ಫೋನ್ ಮಾಡಿ. ಒಣದ್ರಾಕ್ಷಿ ಬಿದ್ದ ಕರದಂಟು ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. ಬೆಳಗಾವಿ ಕುಂದಾ ವಿಷವಲ್ಲ, ಆದರೆ ಅದನ್ನು ಮನೆಯವರೇ ತಿನ್ನಲಿ.

ಇನ್ನು ಕ್ರೇಟ್. ಅಂದರೆ ಮರಿ ಮಲಗುವ ಬಾಗಿಲಿರುವ ಗೂಡು. ಕೊಳ್ಳಲೇಬೇಕೆಂದಿಲ್ಲ. ಗಾಳಿಯಾಡುವ ಹಣ್ಣಿನ ಕ್ರೇಟ್ ಅಥವಾ ಮಂಚದ ಕೆಳಗೆ ಹಲಗೆ ಅಡ್ಡ ಇಟ್ಟ ಮೂಲೆ ಆದರೂ ನಡೆಯುತ್ತದೆ. ಅಳತೆ ಮಾತ್ರ ಸರಿ ಇರಬೇಕು: ಮರಿ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು, ಅಷ್ಟೇ. ದೊಡ್ಡದಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯನ್ನು ಬಚ್ಚಲು ಮಾಡಿಕೊಳ್ಳುತ್ತದೆ.

ಹಂತ 1: ಒಂದೇ ಜಾಗ ಗೊತ್ತು ಮಾಡಿ

ಹಿತ್ತಲೋ ಅಂಗಳದ ಮೂಲೆಯೋ, ಮೂರು ಅಡಿ ಚೌಕ ಸಾಕು. ತುಳಸಿ ಕಟ್ಟೆಯಿಂದ ದೂರ ಇರಲಿ. ರಂಗೋಲಿ ಹಾಕುವ ಕಡೆ ಬೇಡವೇ ಬೇಡ. ಮರಿಯ ದೆಸೆಯಿಂದ ಮನೆಯಲ್ಲಿ ಜಗಳ ಶುರುವಾಗುವುದು ಹೆಚ್ಚಾಗಿ ಈ ಎರಡು ಜಾಗಗಳಿಂದಲೇ. ಕುಡಿಯುವ ನೀರಿನ ತೊಟ್ಟಿಯ ಪಕ್ಕವೂ ಬೇಡ.

ಈಗ ನೆಲದ ವಿಷಯ. ನಿಮ್ಮ ಮರಿ ಮಣ್ಣು ಕಂಡದ್ದಾದರೆ ಸಮಸ್ಯೆಯೇ ಇಲ್ಲ. ಸಿಮೆಂಟ್ ಕಂಡ ಮರಿಯಾದರೆ, ಆ ಮಣ್ಣಿನ ಮೇಲೆ ಒಂದು ಕಲ್ಲುಚಪ್ಪಡಿ ಇಡಿ. ಮೊದಲು ಅದರ ಮೇಲೆ ಮಾಡಲಿ. ಆಮೇಲೆ ಚಪ್ಪಡಿಯ ಮೇಲೆ ತೆಳ್ಳಗೆ ಉಸುಕು ಹರವಿ, ದಿನ ಕಳೆದಂತೆ ದಪ್ಪ ಮಾಡಿ, ಕೊನೆಗೆ ಚಪ್ಪಡಿ ತೆಗೆದುಬಿಡಿ. ಗೋಣಿಚೀಲದ ಮರಿಗೂ ಇದೇ ಉಪಾಯ: ಚೀಲದ ತುಂಡನ್ನು ಹೊರಗೆ ಹಾಸಿ, ವಾರ ವಾರಕ್ಕೂ ತುಂಡು ಸಣ್ಣದು ಮಾಡುತ್ತ ಬನ್ನಿ. ಒಳಗಿನ ಕಾಲೊರಸುಗಳನ್ನು ಅಷ್ಟು ದಿನ ಮಡಿಚಿ ಮೇಲಿಡಿ.

ಒಳಗೆ ಒಮ್ಮೆ ಒದ್ದೆಯಾದಾಗ ಒರೆಸಿದ ಬಟ್ಟೆಯ ಚೂರನ್ನು ಈ ಜಾಗದಲ್ಲಿ ಕಲ್ಲಿನ ಕೆಳಗೆ ಸಿಗಿಸಿ. ವಾಸನೆ ಮರಿಗೆ ದಾರಿ ತೋರಿಸುತ್ತದೆ.

ಪೇಪರ್ ಹಾಸುವುದು ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಅಂಗಳ ಇದ್ದರೆ ಬೇಡ. ಪೇಪರ್ ಮೇಲೆ ಕಲಿತ ಮರಿ ಪೇಪರನ್ನೇ ಕಲಿಯುತ್ತದೆ, ನಾಳೆ ಅಜ್ಜ ಓದಿ ಕೆಳಗಿಟ್ಟ ದಿನಪತ್ರಿಕೆಗೂ ಅದೇ ಗತಿ. ಬಚ್ಚಲಿಗೆ ಕಲಿಸುವುದೂ ಅಷ್ಟೇ. ನೀರು ಹೊಯ್ದರೆ ಮುಗಿಯಿತು ಅಂತ ಸುಲಭ ಕಾಣುತ್ತದೆ, ಆದರೆ ಆಮೇಲೆ ಹೊರಗೆ ಕಲಿಸಬೇಕೆಂದರೆ ಕೆಲಸ ಎರಡು ಪಟ್ಟು.

ಹಂತ 2: ಗಡಿಯಾರ ಹಿಡಿಯಿರಿ

ಊಟ ಹೊತ್ತಿಗೆ ಸರಿಯಾಗಿ ಹಾಕಿದರೆ ಹೊರಗೆ ಹೋಗುವುದೂ ಹೊತ್ತಿಗೆ ಸರಿಯಾಗಿ ಆಗುತ್ತದೆ. 3 ತಿಂಗಳವರೆಗೆ ದಿನಕ್ಕೆ 4 ಸಲ, 6 ತಿಂಗಳವರೆಗೆ 3 ಸಲ, ಆಮೇಲೆ 2 ಸಲ. ಕಾಲು ತಾಸು ಬಿಟ್ಟು ತಟ್ಟೆ ಎತ್ತಿಬಿಡಿ. ದಿನವಿಡೀ ತಟ್ಟೆಯಲ್ಲಿ ರೊಟ್ಟಿ ಹಾಲು ನೆನೆಸಿಟ್ಟರೆ ಮರಿ ಯಾವಾಗ ಹೋಗುತ್ತದೆ ಅಂತ ದೇವರಿಗೂ ಗೊತ್ತಾಗುವುದಿಲ್ಲ. ಅದರಲ್ಲೂ ಎಮ್ಮೆ ಹಾಲು ಬಹಳ ಮರಿಗಳಿಗೆ ಅರಗುವುದಿಲ್ಲ. ಭೇದಿ ಹತ್ತಿದ ಮರಿಗೆ ಏನು ಕಲಿಸಿದರೂ ವ್ಯರ್ಥ.

ಹೊರಗೆ ಒಯ್ಯಲೇಬೇಕಾದ ಹೊತ್ತುಗಳು ಇವು: ನಿದ್ದೆಯಿಂದ ಎದ್ದ ತಕ್ಷಣ, ಹಗಲಿನ ಸಣ್ಣ ನಿದ್ದೆ ಆದಮೇಲೂ, ಊಟವಾಗಿ 5ರಿಂದ 30 ನಿಮಿಷದೊಳಗೆ, ಜೋರಾಗಿ ಆಡಿದ ಮೇಲೆ, ನೀರು ಕುಡಿದ ಸ್ವಲ್ಪ ಹೊತ್ತಿಗೆ, ಮಲಗುವ ಮುಂಚೆ. ಇದರ ನಡುವೆ, ಎಚ್ಚರ ಇದ್ದಷ್ಟು ಹೊತ್ತು ತಾಸಿಗೊಮ್ಮೆ. ಇಷ್ಟೊಂದು ಸಲವಾ ಅನ್ನಬೇಡಿ. ಮೊದಲ ಎರಡು ವಾರ ಯಾರು ಯಾವ ಹೊತ್ತಿಗೆ ಅಂತ ಮನೆಯವರು ಹಂಚಿಕೊಂಡು ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಹಾಗೆ ಬರೆದರೆ ನಿಮ್ಮ ಮರಿಯ ಹೊತ್ತು ಯಾವುದು ಅಂತ ತಾನೇ ಕಾಣುತ್ತದೆ.

ಹಂತ 3: ಹೊರಗೆ ಹೋದಾಗ

ಇಲ್ಲಿಯೇ ಹೆಚ್ಚು ಜನ ಎಡವುವುದು. ಬಾಗಿಲು ತೆರೆದು ಮರಿಯನ್ನು ಹೊರಗೆ ಬಿಟ್ಟು, ಮೊಬೈಲ್ ನೋಡುತ್ತ ಕಟ್ಟೆಯ ಮೇಲೆ ಕೂರುತ್ತಾರೆ. ಮರಿ ಚಿಟ್ಟೆ, ಇರುವೆ, ಕೋಳಿ ಎಲ್ಲ ನೋಡಿಕೊಂಡು ಬರುತ್ತದೆ. ಬಂದ ಕೆಲಸ ಮರೆತು ಒಳಗೆ ಬಂದಮೇಲೆ ನೆನಪಾಗುತ್ತದೆ.

ಹೀಗೆ ಮಾಡಿ. ತೀರ ಸಣ್ಣ ಮರಿಯಾದರೆ ಎತ್ತಿಕೊಂಡೇ ಹೋಗಿ, ಹೊಸ್ತಿಲು ದಾಟುವ ಮೊದಲೇ ಆಗಿಬಿಡುವುದುಂಟು. ಗೊತ್ತು ಮಾಡಿದ ಜಾಗದಲ್ಲಿ ಇಳಿಸಿ, ಹಗ್ಗ ಹಿಡಿದು ಮರದ ಹಾಗೆ ನಿಲ್ಲಿ. ಮಾತಿಲ್ಲ, ಆಟವಿಲ್ಲ. ಹಗ್ಗ ಸಾಲುವಷ್ಟು ಜಾಗದಲ್ಲಿ ಅದು ಮೂಸಲಿ, ಸುತ್ತಲಿ. ಕುಳಿತ ಕೂಡಲೆ ಮೆಲ್ಲಗೆ ಒಂದೇ ಒಂದು ಶಬ್ದ ಹೇಳಿ. "ಸುಸು" ಅನ್ನಿ, "ಮಾಡ್" ಅನ್ನಿ, ಏನಾದರೂ ಸರಿ, ಮನೆಯವರೆಲ್ಲ ಅದನ್ನೇ ಅನ್ನಬೇಕು. ಮುಂದೆ ಮಳೆಗಾಲದಲ್ಲಿ ಈ ಶಬ್ದವೇ ನಿಮ್ಮನ್ನು ಕಾಯುತ್ತದೆ.

ಪೂರ್ತಿ ಮುಗಿಸುವವರೆಗೆ ಕಾಯಿರಿ. ಅರ್ಧಕ್ಕೇ "ಶಾಣ್ಯಾ ನನ್ ಮರಿ!" ಅಂತ ಕೂಗಿದರೆ ಅದು ಅಲ್ಲಿಗೇ ನಿಲ್ಲಿಸಿ ನಿಮ್ಮ ಕಡೆ ಓಡಿ ಬರುತ್ತದೆ, ಉಳಿದ ಅರ್ಧ ಪಡಸಾಲೆಗೆ. ಮುಗಿದ ಮೇಲೆ ಎರಡು ಸೆಕೆಂಡಿನೊಳಗೆ ತಿನಿಸು ಬಾಯಿಗೆ ಬರಬೇಕು, ಅಲ್ಲೇ, ಆ ಜಾಗದಲ್ಲೇ. ಒಳಗೆ ಬಂದು ಡಬ್ಬಿ ತೆರೆದು ಕೊಟ್ಟರೆ, ಒಳಗೆ ಬಂದದ್ದಕ್ಕೆ ಬಹುಮಾನ ಸಿಕ್ಕಿತು ಅಂತ ಅದು ತಿಳಿಯುತ್ತದೆ.

ಇನ್ನೂ ಒಂದು. ಮುಗಿದ ತಕ್ಷಣ ಒಳಗೆ ಎಳೆದುಕೊಂಡು ಬರಬೇಡಿ. ಎರಡು ಮೂರು ನಿಮಿಷ ಅಂಗಳದಲ್ಲಿ ಆಡಲು ಬಿಡಿ. ಇಲ್ಲವಾದರೆ ಜಾಣ ಮರಿಗಳು ಬೇಗ ಲೆಕ್ಕ ಹಾಕುತ್ತವೆ: ಮಾಡಿದರೆ ಹೊರಗಿನ ಮಜಾ ಮುಗಿಯಿತು. ಆಮೇಲೆ ಬೇಕಂತಲೇ ತಡೆದುಕೊಂಡು ನಿಲ್ಲುತ್ತವೆ.

ಹತ್ತು ನಿಮಿಷ ನಿಂತರೂ ಮಾಡಲಿಲ್ಲವಾ? ಮೊದಲು ಹೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಒಳಗೆ ಕರೆತನ್ನಿ, ಆದರೆ ನೆಲಕ್ಕೆ ಬಿಡಬೇಡಿ. ತೊಡೆಯ ಮೇಲೆ ಇಟ್ಟುಕೊಳ್ಳಿ ಅಥವಾ ಕ್ರೇಟ್‌ನಲ್ಲಿಡಿ. ಕಾಲು ತಾಸು ಬಿಟ್ಟು ಮತ್ತೆ ಅದೇ ಜಾಗಕ್ಕೆ. ಹೊರಗೆ ಮಾಡಿದ ಮರಿಗೆ ಮಾತ್ರ ಪಡಸಾಲೆಯಲ್ಲಿ ಓಡಾಡುವ ಪರವಾನಗಿ.

ಮುಧೋಳ ತಳಿಯ ಮರಿ ಇದ್ದವರು ಹಗ್ಗವನ್ನು ಯಾವ ಕಾರಣಕ್ಕೂ ಬಿಡಬೇಡಿ. ಅದು ಮೂಗಿಗಿಂತ ಕಣ್ಣಿನ ಮೇಲೆ ಬೇಟೆಯಾಡುವ ತಳಿ. ದೂರದಲ್ಲಿ ಅಳಿಲು ಓಡಿದರೂ ಮಾಡುತ್ತಿರುವುದನ್ನು ಬಿಟ್ಟು ಜಿಗಿಯುತ್ತದೆ. ಗದರಿದರೆ ಬಹಳ ದಿನ ಹೆದರಿಕೊಳ್ಳುವ ಸ್ವಭಾವವೂ ಅದಕ್ಕಿದೆ. ತಳಿಯ ಬಗ್ಗೆ ಹೆಚ್ಚು ತಿಳಿಯಬೇಕಾದರೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೇ ಇದೆ.

ಹಂತ 4: ಒಳಗಿದ್ದಾಗ ಕಣ್ಣ ಮುಂದೆ ಇರಲಿ

ಆಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಆಟ ನಿಲ್ಲಿಸುತ್ತದೆ. ಮೂಗು ನೆಲಕ್ಕೆ ಹಚ್ಚಿ ಮೂಸುತ್ತದೆ. ಸಣ್ಣದಾಗಿ ಸುತ್ತು ಹಾಕುತ್ತದೆ. ಸೋಫಾ ಹಿಂದೆಯೋ ಕಾಳಿನ ಚೀಲದ ಸಂದಿಗೋ ಸರಿಯುತ್ತದೆ. ಇಷ್ಟು ಕಂಡರೆ ನಿಮ್ಮ ಹತ್ತಿರ ಐದಾರು ಸೆಕೆಂಡು ಇದೆ, ಎತ್ತಿಕೊಂಡು ನಡೆಯಿರಿ.

ಕಣ್ಣಿಡಲು ಆಗುವುದಿಲ್ಲವೆಂದರೆ ಹಗ್ಗದ ತುದಿಯನ್ನು ನಿಮ್ಮ ಸೊಂಟಕ್ಕೆ ಕಟ್ಟಿಕೊಳ್ಳಿ. ರೊಟ್ಟಿ ಬಡಿಯುವಾಗ ಇದು ಆಗದ ಮಾತು, ಬೆಂಕಿಯ ಹತ್ತಿರ ಮರಿ ಬರಬಾರದು. ಆಗ ಕ್ರೇಟ್. ಸಿಟ್ಟು ಬಂದಾಗ ಅಲ್ಲಿ ಕೂಡಿಹಾಕಬೇಡಿ, ಅದು ಜೈಲು ಅನ್ನಿಸಿದರೆ ಮುಂದೆ ಒಳಗೆ ಕಾಲಿಡುವುದಿಲ್ಲ.

ಹಂತ 5: ತಪ್ಪಿದರೆ

ಮಾಡುತ್ತಿರುವಾಗಲೇ ಕಂಡಿತಾ? ಒಮ್ಮೆ ಚಪ್ಪಾಳೆ ತಟ್ಟಿ, ಮರಿ ನಿಲ್ಲಿಸಿದ ಕ್ಷಣ ಎತ್ತಿ ಹೊರಗೆ ಒಯ್ಯಿರಿ. ಉಳಿದದ್ದನ್ನು ಅಲ್ಲಿ ಮಾಡಿದರೆ ತಿನಿಸು ಕೊಡಿ. ಮಾಡಿ ಮುಗಿಸಿದ ಮೇಲೆ ಕಂಡರೆ ಬಾಯಿ ಮುಚ್ಚಿಕೊಂಡು ಒರೆಸಿ, ಅಷ್ಟೇ. ಎರಡು ನಿಮಿಷದ ಹಿಂದೆ ಮಾಡಿದ್ದಕ್ಕೂ ಈಗಿನ ಬೈಗುಳಕ್ಕೂ ಸಂಬಂಧ ಕಟ್ಟಲು ಮರಿಗೆ ಬರುವುದಿಲ್ಲ.

ಮೂತಿಯನ್ನು ಅದರಲ್ಲಿ ತಿಕ್ಕುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಕಾಕಾ, ಮಾಮಾ ಯಾರು ಹೇಳಿದರೂ ಮಾಡಬೇಡಿ. ಅದರಿಂದ ಮರಿ ಕಲಿಯುವುದು ಒಂದೇ: ಈ ಮನುಷ್ಯನ ಎದುರಿಗೆ ಮಾಡಬಾರದು. ಹಾಗೆ ಕಲಿತ ಮರಿ ಹಗ್ಗದಲ್ಲಿ ನಿಮ್ಮ ಪಕ್ಕ ನಿಂತು ಎಂದೂ ಮಾಡುವುದಿಲ್ಲ, ಮಂಚದ ಕೆಳಗೆ ಹೋಗಿ ಮಾಡುತ್ತದೆ. "ತಪ್ಪು ಗೊತ್ತಾಗಿ ಬಾಲ ಮಡಚ್ತು ನೋಡ್ರಿ" ಅನ್ನುತ್ತಾರಲ್ಲ, ಅದು ನಿಮ್ಮ ದನಿಗೆ ಹೆದರಿದ್ದು.

ಒರೆಸುವುದು ಹೇಗೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಕೈ ಮೊದಲು ಹೋಗುವುದು ಫಿನೈಲ್ ಬಾಟಲಿಗೆ. ಅದರ ಘಾಟು ನಮ್ಮ ಮೂಗಿಗೆ ವಾಸನೆ ಮುಚ್ಚುತ್ತದೆ, ಮರಿಯ ಮೂಗಿಗೆ ಅಲ್ಲ. ಮೇಲಾಗಿ ಮರಿ ಆ ನೆಲ ತುಳಿದು ಕಾಲು ನೆಕ್ಕುತ್ತದೆ, ಕರಿ ಫಿನೈಲ್ ಅದಕ್ಕೆ ವಿಷ. ಬ್ಲೀಚಿಂಗ್ ಅನ್ನು ಉಚ್ಚೆಯ ಮೇಲೆ ನೇರವಾಗಿ ಹಾಕಬೇಡಿ, ಎದೆ ಹಿಡಿಯುವಂಥ ಗಾಳಿ ಏಳುತ್ತದೆ.

ಮೊದಲು ಒಣ ಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ. ಆಮೇಲೆ ಎಂಜೈಮ್ ಇರುವ ಬಟ್ಟೆ ಒಗೆಯುವ ಪುಡಿಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ, ಆ ನೀರನ್ನು ಒದ್ದೆಯಾದ ಜಾಗದ ಮೇಲೆ ಹೊಯ್ದು ಹತ್ತು ನಿಮಿಷ ನೆನೆಯಲು ಬಿಟ್ಟು ಒರೆಸಿ. ಎಂಜೈಮ್ ಅಂದರೆ ಕೊಳೆಯನ್ನು ಒಡೆದು ಕರಗಿಸುವ ವಸ್ತು, ಪೊಟ್ಟಣದ ಮೇಲೆ ಬರೆದಿರುತ್ತದೆ. ನಂತರ ಬರೀ ನೀರಿನಿಂದ ಎರಡು ಸಲ ಒರೆಸಿ. ಟೈಲ್ಸ್ ಅಥವಾ ಇಳಕಲ್ಲಿನ ಗ್ರಾನೈಟ್ ಇದ್ದರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿಯೂ ಒರೆಸಬಹುದು. ಆದರೆ ಶಹಾಬಾದ್ ಫರ್ಸಿ ಇದ್ದ ಮನೆಯಲ್ಲಿ ವಿನೆಗರ್, ಲಿಂಬೆಹಣ್ಣು ಮುಟ್ಟಬೇಡಿ. ಅದು ಸುಣ್ಣದ ಕಲ್ಲು, ಹುಳಿ ಬಿದ್ದ ಕಡೆ ಮಂಕಾಗಿ ಕಲೆ ನಿಲ್ಲುತ್ತದೆ. ಫರ್ಸಿ ಸಂದಿಗಳು ಉಚ್ಚೆ ಹೀರಿಕೊಳ್ಳುತ್ತವೆ. ಅಲ್ಲಿ ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಗುಡಿಸಿ, ಮರಿ ಆ ಕಡೆ ಹೋಗದಂತೆ ನೋಡಿಕೊಳ್ಳಿ. ಮಣ್ಣಿನ ನೆಲವಾದರೆ ಅಷ್ಟು ಭಾಗ ಕೆರೆದು ತೆಗೆದು ಹೊಸ ಮಣ್ಣು ಮೆತ್ತಿ ಸಾರಿಸುವುದೇ ದಾರಿ.

ಹಂತ 6: ರಾತ್ರಿ

ಮೂರು ತಿಂಗಳು ತುಂಬುವವರೆಗೆ ರಾತ್ರಿ ಒಂದೆರಡು ಸಲ ಏಳುವುದು ತಪ್ಪಿದ್ದಲ್ಲ. ಕ್ರೇಟ್ ನಿಮ್ಮ ಹಾಸಿಗೆಯ ಪಕ್ಕದಲ್ಲೇ ಇರಲಿ, ಕುಂಯ್‌ಗುಟ್ಟಿದ್ದು ಕೇಳಬೇಕು. ಲೈಟ್ ಹಾಕಿ ಗದ್ದಲ ಮಾಡದೆ ಹೊರಗೆ ಒಯ್ದು, ಮಾಡಿಸಿ, ಸುಮ್ನೆ ತಂದು ಮಲಗಿಸಿ. ನಡುರಾತ್ರಿ ಆಟಕ್ಕೆ ನಿಂತಿರೋ, ನಾಳೆಯಿಂದ ದಿನಾ ಅದೇ ಹೊತ್ತಿಗೆ ಎಬ್ಬಿಸುತ್ತದೆ. ಕಾಲಿಗೆ ಚಪ್ಪಲಿ, ಕೈಯಲ್ಲಿ ಬ್ಯಾಟರಿ ಮರೆಯಬೇಡಿ. ಹಿತ್ತಲಲ್ಲಿ ಹಾವು ಚೇಳು ಇರುವ ಊರು ನಮ್ಮದು.

ಚಳಿಗಾಲದಲ್ಲಿ ಮಲಗುವ ಎರಡು ತಾಸು ಮೊದಲು ನೀರಿನ ಬಟ್ಟಲು ಎತ್ತಿಡಬಹುದು. ವಿಜಯಪುರದ ಏಪ್ರಿಲ್, ಮೇ ತಿಂಗಳಲ್ಲಿ ಈ ಬುದ್ಧಿವಂತಿಕೆ ಬೇಡ. ನಾಲ್ಕು ಸಲ ಹೆಚ್ಚು ಏಳಿ, ನೀರು ಮಾತ್ರ ತಪ್ಪಿಸಬೇಡಿ.

ಹಂತ 7: ಓಣಿಗೆ ಯಾವಾಗ?

ಲಸಿಕೆ ಮುಗಿಯುವ ಮೊದಲು ಓಣಿಯ ನೆಲಕ್ಕೆ ಇಳಿಸಬೇಡಿ. ಪಾರ್ವೊ ಅನ್ನುವ ವೈರಸ್ ರೋಗ ರಕ್ತಭೇದಿ ಹಿಡಿಸಿ ಮರಿಗಳನ್ನು ಎರಡು ಮೂರು ದಿನಗಳಲ್ಲೇ ಒಯ್ಯುತ್ತದೆ, ರೋಗದ ನಾಯಿ ಮಾಡಿಹೋದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಮೊದಲ ಲಸಿಕೆ 6ರಿಂದ 8 ವಾರಕ್ಕೆ, ಆಮೇಲೆ 3-4 ವಾರಕ್ಕೊಂದು, ಸುಮಾರು 16 ವಾರದವರೆಗೆ. ರೇಬೀಸ್ ಲಸಿಕೆ 3 ತಿಂಗಳಿಗೆ. ಕೊನೆಯ ಲಸಿಕೆಯಾಗಿ ಎರಡು ವಾರ ಬಿಟ್ಟು ಓಣಿ ತೋರಿಸಿ. ಅಲ್ಲಿಯವರೆಗೆ ಬೀದಿ ನಾಯಿ ಬರದ ನಿಮ್ಮದೇ ಅಂಗಳ, ಇಲ್ಲವೇ ಮಾಳಿಗೆ. ಓಣಿಗೆ ಹೋಗಲು ಶುರು ಮಾಡಿದ ಮೇಲೆ ಎರಡಕ್ಕೆ ಮಾಡಿದ್ದನ್ನು ಚೀಲದಲ್ಲಿ ಎತ್ತಿಕೊಂಡು ಬನ್ನಿ. ಮರಿಯ ಹೊಟ್ಟೆಹುಳದ ಮೊಟ್ಟೆಗಳಿಂದ ಮಣ್ಣಲ್ಲಿ ಆಡುವ ಮಕ್ಕಳಿಗೆ ತೊಂದರೆಯಾಗುತ್ತದೆ. ಜಂತುಹುಳದ ಔಷಧಿಯನ್ನು 3 ತಿಂಗಳವರೆಗೆ 15 ದಿನಕ್ಕೊಮ್ಮೆ, ಆಮೇಲೆ 6 ತಿಂಗಳವರೆಗೆ ತಿಂಗಳಿಗೊಮ್ಮೆ ಡಾಕ್ಟರ್ ಹೇಳಿದ ಅಳತೆಯಲ್ಲಿ ಕೊಡಿಸಿ.

ಅಂಗಳವೇ ಇಲ್ಲದವರು, ಮಳೆ, ಬಿಸಿಲು

ಟಿಳಕವಾಡಿಯ ಮೂರನೇ ಮಹಡಿಯಲ್ಲೋ ನವನಗರದ ಬಾಡಿಗೆ ಮನೆಯಲ್ಲೋ ಇರುವವರು ಬಾಲ್ಕನಿಯಲ್ಲಿ ಅಗಲವಾದ ಪ್ಲಾಸ್ಟಿಕ್ ತಟ್ಟೆಗೆ ಮಣ್ಣು ತುಂಬಿಡಿ. ಪೇಪರಿಗಿಂತ ಇದು ಎಷ್ಟೋ ಮೇಲು, ಮುಂದೆ ಓಣಿಯ ಮಣ್ಣು ಮರಿಗೆ ಹೊಸದಾಗುವುದಿಲ್ಲ. ಎರಡು ದಿನಕ್ಕೊಮ್ಮೆ ಮಣ್ಣು ಬದಲಿಸಿ, ಒಂದು ಹಿಡಿ ಹಳೆಯದನ್ನು ಉಳಿಸಿಕೊಳ್ಳಿ.

ಬೆಳಗಾವಿಯ ಜೂನ್‌ನಿಂದ ಆಗಸ್ಟ್‌ವರೆಗಿನ ಜಡಿಮಳೆಯಲ್ಲಿ ಬಹಳ ಮರಿಗಳು ಹೊಸ್ತಿಲು ದಾಟಲು ಒಪ್ಪುವುದಿಲ್ಲ. ಗೊತ್ತು ಮಾಡಿದ ಜಾಗದ ಮೇಲೆ ಒಂದು ಪತ್ರಾಸ್ ಹೊದಿಸಿ, ಕೆಳಗೆ ಉಸುಕು ಹಾಕಿ ಎತ್ತರ ಮಾಡಿದರೆ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ. ಕೊಡೆ ಬಿಚ್ಚುವ ಸದ್ದಿಗೆ ಮನೆಯೊಳಗೇ ಮೊದಲು ರೂಢಿ ಮಾಡಿಸಿ. ಎರೆಮಣ್ಣಿನ ಊರಲ್ಲಿ ಮಳೆ ಬಿದ್ದರೆ ಮರಿಯ ಬೆರಳ ಸಂದಿಯಲ್ಲಿ ಮಣ್ಣು ಅಂಟಿ ಗಟ್ಟಿಯಾಗುತ್ತದೆ, ಒಳಗೆ ಬಂದ ಕೂಡಲೆ ತೊಳೆದು ಒರೆಸಿ. ಬೇಸಿಗೆಯಲ್ಲಿ ಫರ್ಸಿ, ಡಾಂಬರು ಕಾದಿರುತ್ತವೆ. ಮುಂಗೈ ಹಿಂಭಾಗವನ್ನು 5 ಸೆಕೆಂಡು ನೆಲಕ್ಕಿಟ್ಟು ನೋಡಿ. ನಿಮಗೆ ತಡೆಯದಿದ್ದರೆ ಮರಿಗೂ ತಡೆಯುವುದಿಲ್ಲ, ನೆರಳಿನ ಮಣ್ಣಿಗೆ ಒಯ್ಯಿರಿ.

ಕಲಿತದ್ದು ಕೆಟ್ಟರೆ

ನಾಲ್ಕೈದು ತಿಂಗಳಿಗೆ ಎಲ್ಲ ಸರಿಹೋಯಿತು ಅನ್ನುವಾಗ ಮತ್ತೆ ಒಳಗೆ ಶುರುವಾಗುವುದುಂಟು. ಹೆಚ್ಚಾಗಿ ಕಾರಣ ನಾವೇ, ಬಹಳ ಬೇಗ ಸಡಿಲ ಬಿಟ್ಟಿರುತ್ತೇವೆ. ಮತ್ತೆ ಎರಡು ವಾರ ಹಂತ 2ಕ್ಕೆ ಹೋಗಿ. ಬಂದವರನ್ನು ಕಂಡು ಖುಷಿಗೋ ಹೆದರಿಕೆಗೋ ನಾಲ್ಕು ಹನಿ ಬಿಡುವುದು ಬೇರೆ ವಿಷಯ, ಅದು ತಡೆಯಲಾಗದೆ ಆಗುವುದು. ಬೈದರೆ ಜಾಸ್ತಿಯಾಗುತ್ತದೆ. ಬಂದವರು ಮರಿಯ ಮೇಲೆ ಬಗ್ಗದೆ, ಪಕ್ಕದಲ್ಲಿ ಕುಳಿತು ಮಾತಾಡಿಸಲಿ. ಆರು ತಿಂಗಳು ದಾಟಿದ ಗಂಡು ಕಾಲೆತ್ತಿ ಬಾಗಿಲ ಮೂಲೆಗೆ ಸ್ವಲ್ಪ ಸ್ವಲ್ಪವೇ ಸಿಂಪಡಿಸುತ್ತಿದ್ದರೆ ಅದು ಗಡಿ ಗುರುತು. ಸಂತಾನಹರಣ ಶಸ್ತ್ರಚಿಕಿತ್ಸೆ ಯಾವಾಗ ಮಾಡಿಸಬೇಕು ಅಂತ ಡಾಕ್ಟರನ್ನು ಕೇಳಿ.

ಪದೇ ಪದೇ ಕುಳಿತು ಹನಿ ಹನಿ ಹೋಗುವುದು, ಮಾಡುವಾಗ ಅಳುವುದು, ಉಚ್ಚೆಯಲ್ಲಿ ರಕ್ತ, ಮಿತಿಮೀರಿ ನೀರು ಕುಡಿಯುವುದು: ಇದು ಕಲಿಸುವ ಸಮಸ್ಯೆಯಲ್ಲ, ಮೂತ್ರದ ಸೋಂಕೋ ಬೇರೆ ಕಾಯಿಲೆಯೋ ಇರಬಹುದು. ಅದೇ ದಿನ ಪಶು ಆಸ್ಪತ್ರೆಗೆ ಹೋಗಿ. ಭೇದಿಯ ಜೊತೆ ವಾಂತಿ ಇದ್ದರೆ, ಊಟ ಬಿಟ್ಟಿದ್ದರೆ ಸಂಜೆವರೆಗೂ ಕಾಯಬೇಡಿ. ಹೋಗುವಾಗ ಅವತ್ತಿನ ಮಲವನ್ನು ಸಣ್ಣ ಮುಚ್ಚಳದ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಪರೀಕ್ಷೆ ಬೇಗ ಆಗುತ್ತದೆ. ಆ ಡಬ್ಬಿ ಮಾತ್ರ ಮತ್ತೆ ಅಡುಗೆಮನೆಗೆ ಬರುವುದು ಬೇಡ.